ಹಗುರ ಕಾರಿಗೆ ಭಾರದ ಸ್ಟೀರಿಂಗ್: ಓದುಗರ ಪ್ರಶ್ನೆಗಳಿಗೆ ಉತ್ತರ

ಮನೆಯಲ್ಲಿ ಕಟ್ಟಿದ ಹಗುರ ಸ್ಪೋರ್ಟ್ಸ್ ಕಾರಿಗೆ ಪವರ್ ಸ್ಟೀರಿಂಗ್ ಅಳವಡಿಸುವ ಬಗ್ಗೆ ಪುಣೆಯಿಂದ ಬಂದ ಒಂದು ದೀರ್ಘ ಪತ್ರಕ್ಕೆ ಈ ಬಾರಿಯ ಅಂಕಣದ ಬಹುಪಾಲು ಜಾಗವನ್ನು ಕೊಟ್ಟಿದ್ದೇವೆ. ಅದೇ ವಿಷಯಕ್ಕೆ ಸೇರಿದ ಮುಂಬೈ ಮತ್ತು ಗೋವಾದ ಓದುಗರ ಪ್ರಶ್ನೆಗಳು ಅದರ ನಂತರ ಇವೆ.

ಪ್ರಶ್ನೆ: ಮಾನ್ಯರೇ, ನಾನು ಮೂಲತಃ ಧಾರವಾಡದವನು, ಉದ್ಯೋಗ ನಿಮಿತ್ತ ಪುಣೆಗೆ ಬಂದು ಚಿಂಚವಡದಲ್ಲೇ ನೆಲೆಸಿದ್ದೇನೆ. ಕಾರ್ಖಾನೆಯೊಂದರ ಟೂಲ್ ರೂಮಿನಿಂದ ನಿವೃತ್ತನಾದ ಮೇಲೆ ಸೋದರಳಿಯನ ಜೊತೆಗೂಡಿ ಲೋಟಸ್ ಸೆವೆನ್ ಮಾದರಿಯ ಎರಡು ಆಸನಗಳ ತೆರೆದ ಕಾರೊಂದನ್ನು ಕಟ್ಟಿದ್ದೇನೆ. ಎಂಜಿನ್ ಮತ್ತು ಗೇರ್‌ಬಾಕ್ಸ್ ಹಳೆಯ ಜಿಪ್ಸಿಯವು. ಮುಂದಿನ ಚಕ್ರಗಳನ್ನು ಹೊತ್ತು ತಿರುಗುವ ನಕಲ್‌ಗಳನ್ನೂ ಸ್ಟೀರಿಂಗ್ ರ‍್ಯಾಕ್ ಅನ್ನೂ (ಸ್ಟೀರಿಂಗಿನ ಸುತ್ತನ್ನು ಎಡಬಲ ಚಲನೆಯಾಗಿ ಚಕ್ರಗಳಿಗೆ ದಾಟಿಸುವ ಹಲ್ಲಿನ ದಂಡ) ಗುಜರಿಗೆ ಬಂದಿದ್ದ ಹ್ಯಾಚ್‌ಬ್ಯಾಕ್ ಒಂದರಿಂದ ಬಿಚ್ಚಿಸಿ ತಂದೆವು. ಆ ರ‍್ಯಾಕ್ ಹೈಡ್ರಾಲಿಕ್, ಅಂದರೆ ಪಂಪಿನ ಎಣ್ಣೆಯ ಒತ್ತಡದಿಂದ ನೆರವಾಗುವ ಪವರ್ ಸ್ಟೀರಿಂಗಿನದು. ಪಂಪ್ ಇಲ್ಲದ ಕಾರಣ ಅದರ ಎಣ್ಣೆಯ ಬಾಯಿಗಳಿಗೆ ಬೋಲ್ಟ್ ಹಾಕಿ ಮುಚ್ಚಿದ್ದೇವೆ. ವೇಬ್ರಿಡ್ಜ್‌ನಲ್ಲಿ ತೂಗಿಸಿದಾಗ ಕಾರು 620 ಕೆಜಿ ಬಂತು, ಮುಂದಿನ ಚಕ್ರಗಳ ಮೇಲೆ 280 ಕೆಜಿ. ಟೈರು 195/50 ಆರ್15, ಗಾಳಿ 18 ಪಿಎಸ್‌ಐ. ಸ್ಟೀರಿಂಗ್ ಚಕ್ರ 280 ಮಿಲಿಮೀಟರ್ ವ್ಯಾಸದ್ದು, ಈ ತುದಿಯಿಂದ ಆ ತುದಿಗೆ ಎರಡೂ ಮುಕ್ಕಾಲು ಸುತ್ತು. ಕಾರು ಇಷ್ಟು ಹಗುರವಾಗಿದ್ದರೂ ಸ್ಟೀರಿಂಗ್ ಮಾತ್ರ ವಿಪರೀತ ಭಾರ. ತಿರುವಿನಲ್ಲಿ ಕೈ ಸಡಿಲಿಸಿದರೆ ನೇರಕ್ಕೆ ಬರದೆ ಅರ್ಧದಲ್ಲೇ ನಿಲ್ಲುತ್ತದೆ. ನನ್ನ ಬಲಭುಜ ಹಿಡಿದುಕೊಂಡಿದ್ದು, ಭಾರ ಎಳೆಯಬೇಡಿ ಎಂದು ವೈದ್ಯರು ಹೇಳಿದ್ದಾರೆ. ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ ಹಾಕಿಸಿಬಿಡೋಣ ಎಂದು ಅಳಿಯ ಹೇಳುತ್ತಾನೆ. ಹಾಕಬಹುದೇ? ಹಾಕುವುದಾದರೆ ಯಾವುದನ್ನು, ಹೇಗೆ?
ಓದುಗರು, ಚಿಂಚವಡ, ಪುಣೆ

ಉತ್ತರ: ಹಾಕಬಹುದು, ಆದರೆ ಈಗಲೇ ಬೇಡ. ನೀವು ಬರೆದಿರುವ ವಿವರಗಳನ್ನು ನೋಡಿದರೆ ನಿಮ್ಮ ಕಾರಿಗೆ ಸಹಾಯಕ ಶಕ್ತಿಯ ಕೊರತೆ ಇರುವಂತೆ ಕಾಣುವುದಿಲ್ಲ. ಎಲ್ಲೋ ಬಿಗಿತವಿದೆ, ಮತ್ತು ಮೂರ್ನಾಲ್ಕು ಆಯ್ಕೆಗಳು ಒಂದರ ಮೇಲೊಂದು ಸೇರಿ ಭಾರವನ್ನು ಹೆಚ್ಚಿಸಿವೆ. ಅದನ್ನು ಹಾಗೆಯೇ ಬಿಟ್ಟು ಮೋಟಾರು ಕೂರಿಸಿದರೆ ಬಿಗಿತ ಮರೆಯಾಗುತ್ತದೆಯೇ ಹೊರತು ಹೋಗುವುದಿಲ್ಲ. ಎಂದಾದರೂ ತಿರುವಿನ ನಡುವೆ ಫ್ಯೂಸ್ ಹೋದರೆ ಅಷ್ಟೂ ಭಾರ ಒಮ್ಮೆಲೇ ನಿಮ್ಮ ನೋವಿನ ಭುಜದ ಮೇಲೆ ಬೀಳುತ್ತದೆ. ಆದ್ದರಿಂದ ಮೊದಲು ಕೈಯಿಂದಲೇ ಹಗುರವಾಗಿ ತಿರುಗುವಂತೆ ಮಾಡಿಕೊಳ್ಳಿ, ಮೋಟಾರಿನ ವಿಚಾರ ಅದರ ನಂತರ ಬರಲಿ.

ಹಗುರ ಕಾರಿಗೆ ಪವರ್ ಸ್ಟೀರಿಂಗ್ ಏಕೆ ಸಾಮಾನ್ಯವಾಗಿ ಬೇಕಾಗುವುದಿಲ್ಲ ಎಂಬುದಕ್ಕೆ ಲೆಕ್ಕವಿದೆ. ನಿಂತಲ್ಲೇ ಚಕ್ರ ತಿರುಗಿಸಲು ಬೇಕಾಗುವ ಬಲವನ್ನು ಅಂದಾಜು ಮಾಡಲು ವಾಹನ ತಂತ್ರಜ್ಞರು ಬಳಸುವ ಸೂತ್ರದ ಪ್ರಕಾರ, ಆ ಬಲವು ಚಕ್ರದ ಮೇಲಿನ ಭಾರದ ಒಂದೂವರೆ ಘಾತಕ್ಕೆ ಅನುಗುಣವಾಗಿ ಏರುತ್ತದೆ ಮತ್ತು ಟೈರಿನ ಗಾಳಿಯ ಒತ್ತಡದ ವರ್ಗಮೂಲಕ್ಕೆ ವಿಲೋಮವಾಗಿ ಇಳಿಯುತ್ತದೆ. ಎಂಜಿನ್ ಮುಂದಿರುವ 900 ಕೆಜಿಯ ಹ್ಯಾಚ್‌ಬ್ಯಾಕ್‌ನಲ್ಲಿ ಮುಂದಿನ ಚಕ್ರಗಳ ಮೇಲೆ ಸುಮಾರು 560 ಕೆಜಿ ಇರುತ್ತದೆಂದು ಇಟ್ಟುಕೊಳ್ಳಿ. ನಿಮ್ಮದು 280, ಅಂದರೆ ಅರ್ಧ. ಭಾರ ಅರ್ಧವಾದರೆ ಬೇಕಾಗುವ ಬಲ ಅರ್ಧವಾಗುವುದಿಲ್ಲ, ಶೇಕಡಾ 35ಕ್ಕೆ ಇಳಿಯುತ್ತದೆ. 1957ರಲ್ಲಿ ಕಾಲಿನ್ ಚಾಪ್‌ಮನ್ ಅವರ ಲೋಟಸ್ ಕಂಪನಿ ಸೆವೆನ್ ಕಾರನ್ನು ಬಿಡಿಭಾಗಗಳ ರೂಪದಲ್ಲೂ ಮಾರಲು ತೊಡಗಿದಾಗ (ಕಟ್ಟಿದ ಕಾರಿಗೆ ಇಂಗ್ಲೆಂಡಿನಲ್ಲಿ ಆಗ ಇದ್ದ ಖರೀದಿ ತೆರಿಗೆ ಹೀಗೆ ತಪ್ಪುತ್ತಿತ್ತು) ಅದಕ್ಕೆ ಪವರ್ ಸ್ಟೀರಿಂಗ್ ಇರಲಿಲ್ಲ; 1973ರಲ್ಲಿ ಅದರ ತಯಾರಿಕೆಯ ಹಕ್ಕನ್ನು ಪಡೆದ ಕೇಟರ್‌ಹ್ಯಾಮ್ ಕೂಡ ಅದೇ ಹಾದಿ ಹಿಡಿಯಿತು. 1996ರ ಲೋಟಸ್ ಎಲೀಸ್‌ಗೂ ಇರಲಿಲ್ಲ. ನಮ್ಮ ಟಾಟಾ ನ್ಯಾನೋ 2009ರಲ್ಲಿ ಬಂದಾಗ ಅದರ ತೂಕ 600 ಕೆಜಿಯ ಆಸುಪಾಸು, ಎಂಜಿನ್ ಹಿಂದೆ, ಮುಂದಿನ ಟೈರು ಕೇವಲ 135 ಮಿಲಿಮೀಟರ್ ಅಗಲ. ಅದೂ ಐದು ವರ್ಷ ಕೈಬಲದಲ್ಲೇ ತಿರುಗಿತು. 2014ರ ಟ್ವಿಸ್ಟ್ ಮಾದರಿಗೆ ಎಲೆಕ್ಟ್ರಿಕ್ ಸ್ಟೀರಿಂಗ್ ಬಂದದ್ದು ಪೇಟೆಯ ಸಂದುಗೊಂದುಗಳಲ್ಲಿ ದಿನವಿಡೀ ತಿರುಗಿಸುವವರ ಅನುಕೂಲಕ್ಕಾಗಿ.

ಈಗ ನಿಮ್ಮ ಕಾರಿನ ಆಯ್ಕೆಗಳಿಗೆ ಬರೋಣ. ಕೈಬಲದ ರ‍್ಯಾಕ್‌ಗಳು ಸಾಮಾನ್ಯವಾಗಿ ತುದಿಯಿಂದ ತುದಿಗೆ ಮೂರೂವರೆ ಸುತ್ತಿನ ಆಸುಪಾಸಿನಲ್ಲಿರುತ್ತವೆ. ನಿಮ್ಮದು ಎರಡೂ ಮುಕ್ಕಾಲು, ಏಕೆಂದರೆ ಅದನ್ನು ಎಣ್ಣೆಯ ಒತ್ತಡ ನೆರವಿಗಿದೆ ಎಂಬ ಭರವಸೆಯಲ್ಲಿ ರೂಪಿಸಿದ್ದಾರೆ. ಇದರಿಂದಲೇ ಕೈಗೆ ಬರುವ ಭಾರ ಕಾಲು ಭಾಗಕ್ಕಿಂತ ಹೆಚ್ಚಾಯಿತು. 350 ಮಿಲಿಮೀಟರಿನ ಸ್ಟೀರಿಂಗ್ ಚಕ್ರದ ಬದಲಿಗೆ 280ರದನ್ನು ಹಾಕಿದ್ದರಿಂದ ಅದರ ಮೇಲೆ ಇನ್ನೊಂದು ಕಾಲು ಭಾಗ. ಗಾಳಿ 24 ಪಿಎಸ್‌ಐ ಇರಬೇಕಾದಲ್ಲಿ 18 ಇದೆ ಎಂದರೆ ಮತ್ತೆ ಶೇಕಡಾ 15ರಷ್ಟು. ಮೂರನ್ನೂ ಗುಣಿಸಿದರೆ ಸುಮಾರು 1.8 ಪಟ್ಟು ಆಗುತ್ತದೆ. ಇಷ್ಟರಲ್ಲಿ ಬಿಗಿತದ ಮಾತು ಇನ್ನೂ ಬಂದೇ ಇಲ್ಲ.

ಬಿಗಿತ ಇದೆ ಎನ್ನುವುದಕ್ಕೆ ನೀವೇ ಪುರಾವೆ ಕೊಟ್ಟಿದ್ದೀರಿ. ಟೈರಿನ ಹಿಡಿತದಿಂದ ಬಂದ ಭಾರವಾಗಿದ್ದರೆ ಕೈ ಸಡಿಲಿಸಿದ ಕೂಡಲೇ ಅದೇ ಬಲ ಚಕ್ರಗಳನ್ನು ನೇರಕ್ಕೆ ತರಬೇಕು. ಅರ್ಧದಲ್ಲಿ ನಿಲ್ಲುವುದು ಘರ್ಷಣೆಯ ಲಕ್ಷಣ. ನನ್ನ ಮೊದಲ ಅನುಮಾನ ಬೋಲ್ಟ್ ಹಾಕಿ ಮುಚ್ಚಿದ ಆ ಎಣ್ಣೆಯ ಬಾಯಿಗಳ ಮೇಲೆ. ಹೈಡ್ರಾಲಿಕ್ ರ‍್ಯಾಕ್‌ನ ಒಳಗೆ ದಂಡದ ಮೇಲೊಂದು ಪಿಸ್ಟನ್ ಇರುತ್ತದೆ, ಅದರ ಸುತ್ತ ಬಿಗಿಯಾದ ಸೀಲ್. ಎರಡೂ ಬದಿಯ ದಾರಿಯನ್ನು ಮುಚ್ಚಿದಾಗ ಒಳಗುಳಿದ ಎಣ್ಣೆಗೂ ಗಾಳಿಗೂ ಹೋಗಲು ಜಾಗವಿಲ್ಲದೆ, ನೀವು ಪ್ರತಿ ಬಾರಿ ಸ್ಟೀರಿಂಗ್ ತಿರುಗಿಸುವಾಗಲೂ ಅದನ್ನು ಇಕ್ಕಟ್ಟಾದ ವಾಲ್ವಿನ ಮೂಲಕ ದೂಡುತ್ತಿರುತ್ತೀರಿ.

ಅನುಮಾನವನ್ನು ಅಳತೆ ಮಾಡಿ ಖಚಿತಪಡಿಸಿಕೊಳ್ಳಿ. ರದ್ದಿ ಕೊಳ್ಳುವವರ ಕೈಯಲ್ಲಿರುತ್ತದಲ್ಲ, ಕೊಕ್ಕೆಯ ಸ್ಪ್ರಿಂಗ್ ತಕ್ಕಡಿ, ಅಂಥದ್ದೊಂದು ಸಾಕು. ಅದರ ಕೊಕ್ಕೆಯನ್ನು ಸ್ಟೀರಿಂಗ್ ಚಕ್ರದ ಅಂಚಿಗೆ, ಅಡ್ಡಕಡ್ಡಿ ಸೇರುವಲ್ಲಿ ಸಿಕ್ಕಿಸಿ, ಅಂಚಿಗೆ ಸ್ಪರ್ಶರೇಖೆಯಾಗಿ ನಿಧಾನವಾಗಿ ಎಳೆಯಿರಿ. ಚಕ್ರ ಹೊರಳಲು ತೊಡಗಿದ ಕ್ಷಣದಲ್ಲಿ ಮುಳ್ಳು ಎಷ್ಟು ತೋರಿಸಿತೆಂದು ಬರೆದುಕೊಳ್ಳಿ. ಮೊದಲು ಕಾರು ನೆಲದ ಮೇಲಿರುವಾಗ, ಬ್ರೇಕ್ ಬಿಟ್ಟು. ಅನಂತರ ಮುಂಭಾಗವನ್ನು ಜ್ಯಾಕಿನಿಂದ ಎತ್ತಿ, ಸ್ಟ್ಯಾಂಡ್ ಕೊಟ್ಟು, ಎರಡೂ ಚಕ್ರಗಳು ಗಾಳಿಯಲ್ಲಿರುವಾಗ ಮತ್ತೆ ಅಳೆಯಿರಿ. ಚಕ್ರಗಳು ನೆಲಕ್ಕೆ ತಾಗದಿರುವಾಗ ಒಂದೂವರೆ, ಹೆಚ್ಚೆಂದರೆ ಎರಡು ಕೆಜಿಯೊಳಗೆ ಸ್ಟೀರಿಂಗ್ ಚಲಿಸಬೇಕು. ಅದಕ್ಕಿಂತ ಹೆಚ್ಚು ಬಂದರೆ ಟೈರನ್ನು ದೂರಿ ಫಲವಿಲ್ಲ. ಆಗ ಸ್ಟೀರಿಂಗಿನ ಎಳೆತವನ್ನು ಚಕ್ರಗಳಿಗೆ ಮುಟ್ಟಿಸುವ ಟೈ ರಾಡ್‌ಗಳ ತುದಿಗಳನ್ನು ನಕಲ್‌ಗಳಿಂದ ಬಿಡಿಸಿ ಮತ್ತೊಮ್ಮೆ ಅಳೆಯಿರಿ: ಹಗುರವಾಯಿತೆಂದರೆ ದೋಷ ಗುಂಡಿನ ಕೀಲುಗಳಾದ ಬಾಲ್ ಜಾಯಿಂಟ್‌ಗಳಲ್ಲಿ. ಆಗಲಿಲ್ಲವೆಂದರೆ ಕೆಳಗಿನ ಯೂನಿವರ್ಸಲ್ ಜಾಯಿಂಟಿನ (ಕೋನದಲ್ಲಿ ಸೇರುವ ಎರಡು ಶಾಫ್ಟ್‌ಗಳ ಕೀಲು) ಬೋಲ್ಟ್ ತೆಗೆದು ಕಾಲಂ (ಸ್ಟೀರಿಂಗ್ ಚಕ್ರದಿಂದ ಕೆಳಗಿಳಿಯುವ ಕಂಬ) ಮಾತ್ರ ತಿರುಗಿಸಿ ನೋಡಿ. ಕಾಲಂ ಹಗುರವಾಗಿದ್ದರೆ ಉಳಿದದ್ದು ರ‍್ಯಾಕ್ ಒಂದೇ. ಒಂದು ಭಾನುವಾರದ ಬೆಳಗ್ಗೆ ಮುಗಿಯುವ ಕೆಲಸ ಇದು. ಟೂಲ್ ರೂಮಿನಲ್ಲಿ ದುಡಿದ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಕಾಲಂ ಸುತ್ತಿನ ಕೆಲವು ಜಾಗಗಳಲ್ಲಿ ಮಾತ್ರ ಹಿಡಿದು ಬಿಡುತ್ತಿದ್ದರೆ ಎರಡು ಯೂನಿವರ್ಸಲ್ ಜಾಯಿಂಟ್‌ಗಳ ಕವಲುಗಳು ಒಂದಕ್ಕೊಂದು ಸರಿಯಾದ ಕೋನದಲ್ಲಿ ಕೂತಿಲ್ಲ ಎಂದರ್ಥ. ಸೆವೆನ್ ಮಾದರಿಯ ಕಾರುಗಳಲ್ಲಿ ಎಂಜಿನ್ ಮತ್ತು ಎಕ್ಸಾಸ್ಟ್ ನಡುವೆ ಶಾಫ್ಟ್ ನುಸುಳಬೇಕಾದ್ದರಿಂದ ಈ ತಪ್ಪು ಬಹಳ ಕಡೆ ಆಗಿರುತ್ತದೆ. ರ‍್ಯಾಕ್‌ನ ಹಿಂಬದಿಯಲ್ಲಿ ಹಲ್ಲುಗಳನ್ನು ಒತ್ತಿ ಹಿಡಿಯುವ ಸ್ಕ್ರೂ ಒಂದಿರುತ್ತದೆ. ಸದ್ದು ಬರುತ್ತದೆಂದು ಗ್ಯಾರೇಜಿನವರು ಅದನ್ನು ಬಿಗಿಮಾಡಿಬಿಡುವುದುಂಟು, ಅದನ್ನೂ ನೋಡಿ.

ದೋಷ ರ‍್ಯಾಕ್‌ನದೇ ಎಂದಾದರೆ, ಅದನ್ನು ರಿಪೇರಿ ಮಾಡುವ ಬದಲು ಕೈಬಲದ್ದೇ ಆದ ರ‍್ಯಾಕ್ ತಂದು ಹಾಕುವುದು ಲೇಸು. ಮಾರುತಿ 800ರ ರ‍್ಯಾಕ್ ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ, ಹೊಸದಾಗಿಯೂ ದೊರೆಯುತ್ತದೆ. ಪುಣೆಯ ಮಂಗಳವಾರ ಪೇಟೆ ಎಂಬ ಬಡಾವಣೆಯ ಹಳೆ ಸಾಮಾನಿನ ಸಂತೆ ಜುನಾ ಬಜಾರಿಗೆ ಬುಧವಾರವೋ ಭಾನುವಾರವೋ ಹೋಗಿ ಹಳೆಯದನ್ನು ಆರಿಸುವ ಆಸೆ ನಿಮಗಾಗಬಹುದು. ಅಲ್ಲಿ ಯಾವ ರ‍್ಯಾಕ್ ಎತ್ತಿಕೊಂಡರೂ ನೀವು ಕೇಳಿದ ಕಾರಿನದೇ ಆಗಿಬಿಡುತ್ತದೆ, ಆದ್ದರಿಂದ ಟೇಪು ಜೊತೆಯಲ್ಲಿರಲಿ. ಒಳಗಿನ ಎರಡು ಬಾಲ್ ಜಾಯಿಂಟ್‌ಗಳ ನಡುವಿನ ಅಂತರವನ್ನು ಅಳೆಯಿರಿ. ಅದು ಚಕ್ರವನ್ನು ಚೌಕಟ್ಟಿಗೆ ಜೋಡಿಸುವ ನಿಮ್ಮ ಕೆಳಗಿನ ತೋಳು, ಅಂದರೆ ವಿಷ್‌ಬೋನ್‌ನ ತಿರುಗುಬಿಂದುಗಳಿಗೆ ಹೊಂದದಿದ್ದರೆ ಪ್ರತಿ ಉಬ್ಬಿನಲ್ಲೂ ಚಕ್ರಗಳು ತಾವಾಗಿಯೇ ಹೊರಳುತ್ತವೆ. ಅದು ಭಾರಕ್ಕಿಂತ ಕೆಟ್ಟದ್ದು.

ಇನ್ನು ಜ್ಯಾಮಿತಿ. ನಿಮ್ಮ ನಕಲ್‌ಗಳು ಫ್ರಂಟ್ ವೀಲ್ ಡ್ರೈವ್ ಕಾರಿನವು. ಅವು 35ರಿಂದ 45 ಮಿಲಿಮೀಟರ್ ಆಫ್‌ಸೆಟ್‌ನ ಚಕ್ರಗಳಿಗೆಂದು ರೂಪುಗೊಂಡಂಥವು (ಆಫ್‌ಸೆಟ್ ಎಂದರೆ ಚಕ್ರಕ್ಕೆ ಬೋಲ್ಟ್ ಹಾಕುವ ಮುಖ ಅದರ ಅಗಲದ ನಡುಗೆರೆಯಿಂದ ಎಷ್ಟು ಹೊರಗಿದೆ ಎಂಬ ಅಳತೆ). ಚಕ್ರಗಳು ಅಗಲಕ್ಕೆ ಹೊರಚಾಚಿ ಕಾಣಲೆಂದು ಕಡಿಮೆ ಆಫ್‌ಸೆಟ್‌ನ ಅಲಾಯ್ ಹಾಕಿದ್ದರೆ, ಆಫ್‌ಸೆಟ್ ಎಷ್ಟು ಮಿಲಿಮೀಟರ್ ಕಡಿಮೆಯಾಯಿತೋ ಅಷ್ಟು ಮಿಲಿಮೀಟರ್ ಟೈರಿನ ನಡುಭಾಗ ತಿರುಗು ಅಕ್ಷದಿಂದ ದೂರ ಸರಿದಿರುತ್ತದೆ. ಬ್ರೇಕ್ ಬಿಟ್ಟಿದ್ದರೆ ನಿಂತಲ್ಲಿ ಇದು ಅಷ್ಟಾಗಿ ತಿಳಿಯುವುದಿಲ್ಲ, ಟೈರು ಉರುಳಿಕೊಂಡು ತಿರುಗುತ್ತದೆ. ಆದರೆ ಒಂದು ಚಕ್ರ ಗುಂಡಿಗೆ ಇಳಿದಾಗ ಆ ದೂರವೇ ಸನ್ನೆಯಾಗಿ ಸ್ಟೀರಿಂಗ್ ಅನ್ನು ಕೈಯಿಂದ ಕಿತ್ತುಕೊಳ್ಳುತ್ತದೆ. ನಿಮ್ಮ ಭುಜಕ್ಕೆ ನಿಧಾನವಾದ ಭಾರಕ್ಕಿಂತ ಈ ಹಠಾತ್ ಒದೆತವೇ ಹೆಚ್ಚು ಅಪಾಯಕಾರಿ ಎಂದು ನನಗನ್ನಿಸುತ್ತದೆ. ಕಾಸ್ಟರ್ ಕೋನವನ್ನೂ (ತಿರುಗು ಅಕ್ಷ ಹಿಂದಕ್ಕೆ ವಾಲಿರುವ ಕೋನ; ಅದು ಹೆಚ್ಚಿದಷ್ಟೂ ನೇರಕ್ಕೆ ಮರಳುವ ಬಲವೂ ಕೈಗೆ ಭಾರವೂ ಹೆಚ್ಚು) ಕಂಪ್ಯೂಟರ್ ಅಲೈನ್‌ಮೆಂಟ್ ಮಾಡುವಲ್ಲಿ ಅಳೆಸಿ. ವಿಷ್‌ಬೋನ್‌ಗಳ ಹೊಂದಾಣಿಕೆಯಲ್ಲಿ ಅದು ಗೊತ್ತಿಲ್ಲದೆಯೇ ಏಳೆಂಟು ಡಿಗ್ರಿಗೆ ಹೋಗಿರುತ್ತದೆ. ಕೈಬಲದ ಸ್ಟೀರಿಂಗಿಗೆ ನಾಲ್ಕರ ಆಸುಪಾಸು ಸಾಕು. 195ರ ಬದಲು 165 ಅಥವಾ 175ರ ಟೈರು ಹಾಕಿ ಎಂದರೆ ನಿಮ್ಮ ಅಳಿಯನಿಗೆ ರುಚಿಸಲಿಕ್ಕಿಲ್ಲ, ಆದರೂ ಹೇಳಿಬಿಡುತ್ತೇನೆ: 620 ಕೆಜಿಯ ಕಾರಿಗೆ 195ರ ಟೈರು ಬಿಸಿಯೇರುವುದೇ ಕಷ್ಟ.

ಇಷ್ಟೆಲ್ಲ ಮಾಡಿದ ಮೇಲೂ ಭುಜ ಸಹಕರಿಸದಿದ್ದರೆ ಮೋಟಾರು ಹಾಕುವುದರಲ್ಲಿ ಸಂಕೋಚಪಡಬೇಕಾದ್ದಿಲ್ಲ. ನಿಮಗೆ ಬೇಕಾದದ್ದು ಕಾಲಂ ಮೇಲೆಯೇ ಮೋಟಾರು ಕೂತಿರುವ ಬಗೆ. ಜಗತ್ತಿನಲ್ಲಿ ಇದು ಮೊದಲು ಬಂದದ್ದು 1988ರಲ್ಲಿ, ಜಪಾನಿನ ಸುಜುಕಿ ಸೆರ್ವೋ ಎಂಬ ಪುಟ್ಟ ಕಾರಿನಲ್ಲಿ. ಎಂಜಿನ್ನಿನಿಂದ ಪಂಪಿಗೆ ಕೊಡಲು ಶಕ್ತಿಯೂ ಜಾಗವೂ ಇಲ್ಲದ ಕಾರುಗಳಿಗೆಂದೇ ಹುಟ್ಟಿದ್ದು ಎನ್ನಬಹುದು. ಕಾಲಂ ನಡುವೆ ತೆಳುವಾದ ತಿರುಚು ಸರಳೊಂದಿರುತ್ತದೆ. ನೀವು ಸ್ಟೀರಿಂಗ್ ತಿರುಗಿಸಿದಾಗ ಅದು ಕೂದಲೆಳೆಯಷ್ಟು ತಿರುಚಿಕೊಳ್ಳುತ್ತದೆ, ಸೆನ್ಸರ್ ಅದನ್ನು ಅಳೆಯುತ್ತದೆ, ನಿಯಂತ್ರಕ ಪೆಟ್ಟಿಗೆ ಅದಕ್ಕೆ ತಕ್ಕಷ್ಟು ವಿದ್ಯುತ್ತನ್ನು ಮೋಟಾರಿಗೆ ಕೊಡುತ್ತದೆ, ಮೋಟಾರು ವರ್ಮ್ ಗೇರಿನ ಮೂಲಕ ಕೆಳಗಿನ ಶಾಫ್ಟ್ ಅನ್ನು ತಿರುಗಿಸುತ್ತದೆ.

ಗುಜರಿಯಿಂದ ಕೊಳ್ಳುವುದಾದರೆ ಕಾಲಂ, ನಿಯಂತ್ರಕ ಪೆಟ್ಟಿಗೆ ಎರಡೂ ಒಂದೇ ಕಾರಿನವಾಗಿರಲಿ, ಕನೆಕ್ಟರುಗಳನ್ನು ಗೇಣುದ್ದ ವೈರಿನ ಸಮೇತ ಕತ್ತರಿಸಿಕೊಡಲು ಹೇಳಿ. ಮುಂಭಾಗ ಗುದ್ದಿದ ಕಾರಿನದಂತೂ ಬೇಡ. ಇತ್ತೀಚಿನ ಕಾರುಗಳ ಪೆಟ್ಟಿಗೆಗಳು ಉಳಿದ ಕಂಪ್ಯೂಟರುಗಳ ಜೊತೆ ಮಾತನಾಡದೆ ಏಳುವುದೇ ಇಲ್ಲ. ವೇಗದ ಸೂಚನೆಯನ್ನು ಸರಳ ವಿದ್ಯುತ್ ಮಿಡಿತಗಳ ರೂಪದಲ್ಲಿ ಪಡೆಯುವ ಹಳೆಯ ಮಾದರಿಗಳೇ ನಿಮಗೆ ಅನುಕೂಲ. ಈ ವೇಗದ ಸೂಚನೆ ಮುಖ್ಯ. ಅದು ಸಿಗದಿದ್ದಾಗ ಕೆಲವು ಪೆಟ್ಟಿಗೆಗಳು ನೆರವನ್ನೇ ನಿಲ್ಲಿಸುತ್ತವೆ, ಕೆಲವು ಎಲ್ಲ ವೇಗದಲ್ಲೂ ಒಂದೇ ಪ್ರಮಾಣದ ನೆರವು ಕೊಡುತ್ತವೆ. ಇಂಗ್ಲೆಂಡಿನ ಕಿಟ್ ಕಾರು ಕಟ್ಟುವವರು ವಾಕ್ಸ್‌ಹಾಲ್ ಕೋರ್ಸಾದ ಕಾಲಂ ಅನ್ನು ಮೆಚ್ಚಿಕೊಂಡದ್ದು ಈ ಎರಡನೆಯ ಗುಣಕ್ಕಾಗಿ. ನೆರವನ್ನು ಹೆಚ್ಚು ಕಡಿಮೆ ಮಾಡಲು ಗುಂಡಿ ಇರುವ ಪುಟ್ಟ ಪೆಟ್ಟಿಗೆಯೊಂದನ್ನು ಅವರು ಅದಕ್ಕೆ ಸೇರಿಸುತ್ತಾರೆ. ಆದರೆ 1,000 ಕೆಜಿಯ ಕಾರನ್ನು ನಿಲ್ಲಿಸುವಾಗ ಬೇಕಾಗುವ ನೆರವು 620 ಕೆಜಿಯ ಕಾರಿಗೆ 80 ಕಿಲೋಮೀಟರ್ ವೇಗದಲ್ಲಿ ಸಿಕ್ಕರೆ ಬೆರಳು ತಾಕಿದರೂ ಕಾರು ಪಥ ಬದಲಿಸುತ್ತದೆ. ಗುಂಡಿಯನ್ನು ಕಾಲು ಭಾಗದಲ್ಲಿಟ್ಟು ಅಲ್ಲಿಂದ ಮೇಲೇರಿ. ಓಡುತ್ತಿರುವಾಗ ಅದನ್ನು ಮುಟ್ಟದ ಜಾಗದಲ್ಲಿ ಕೂರಿಸಿ.

ಯಂತ್ರಭಾಗದಲ್ಲಿ ಎರಡು ಕಡೆ ರಾಜಿ ಸಲ್ಲದು. ಮೋಟಾರು ಶಾಫ್ಟ್ ಅನ್ನು ಒಂದು ಕಡೆಗೆ ತಿರುಗಿಸುವಾಗ ಅಷ್ಟೇ ಬಲದಿಂದ ತನ್ನ ಕವಚವನ್ನು ಎದುರು ದಿಕ್ಕಿಗೆ ತಿರುಚುತ್ತದೆ. ಡ್ಯಾಶ್‌ಬೋರ್ಡಿನ ತೆಳು ತಗಡಿಗೆ ಬಿಗಿದರೆ ತಗಡು ಮೊದಲು ಬಾಗುತ್ತದೆ, ಆಮೇಲೆ ಸೀಳುತ್ತದೆ. ಬ್ರಾಕೆಟ್ ಚೌಕಟ್ಟಿನ ಕೊಳವೆಗೇ ಸೇರಬೇಕು. ಎರಡನೆಯದು ಶಾಫ್ಟ್. ಮೋಟಾರಿನ ಕೆಳಗಿನ ಭಾಗ ಈಗ ನಿಮ್ಮ ಕೈಬಲವನ್ನಷ್ಟೇ ಅಲ್ಲ, ಮೋಟಾರಿನ ಬಲವನ್ನೂ ಹೊರಬೇಕು. ಎರಡು ಶಾಫ್ಟ್‌ಗಳನ್ನು ತುದಿಗೆ ತುದಿ ಇಟ್ಟು ವೆಲ್ಡ್ ಮಾಡಿ ಉಜ್ಜಿ ನುಣುಪು ಮಾಡಿದ್ದನ್ನು ಭೋಸರಿಯ ಒಳ್ಳೆಯ ವರ್ಕ್‌ಶಾಪಿನವರೇ ಕೊಟ್ಟರೂ ಒಪ್ಪಬೇಡಿ. ಒಳಗೆ ಉದ್ದಕ್ಕೆ ಹಲ್ಲುಗಳಿರುವ (ಸ್ಪ್ಲೈನ್) ಕೊಳವೆಯಂಥ ಸ್ಲೀವ್ ಮಾಡಿಸಿ, ಅಡ್ಡ ಬೋಲ್ಟ್ ಹಾಕಿ, ಲಾಕ್ ನಟ್ ಬಿಗಿಯಿರಿ. ಅಪಘಾತದಲ್ಲಿ ಕುಸಿಯುವಂತೆ ಕಾಲಂನಲ್ಲಿ ಇರುವ ಏರ್ಪಾಡನ್ನು ಯಾವ ಕಾರಣಕ್ಕೂ ಬೆಸೆದುಬಿಡಬೇಡಿ. ಸೆವೆನ್‌ನ ಕಾಲಿಡುವ ಜಾಗ ಬಹಳ ಇಕ್ಕಟ್ಟು. ಮೋಟಾರು ಕ್ಲಚ್ ಕಾಲಿನ ಮೊಣಕಾಲಿಗೆ ತಗಲುತ್ತದೆಯೇ ಎಂದು ರಟ್ಟಿನ ಅಚ್ಚು ಮಾಡಿ ಮೊದಲೇ ನೋಡಿಕೊಳ್ಳಿ.

ವಿದ್ಯುತ್ತಿನ ವಿಷಯ ಸರಳ. ನೇರ ಓಟದಲ್ಲಿ ಈ ಮೋಟಾರು ಕೆಲವೇ ಆಂಪಿಯರ್ ಎಳೆಯುತ್ತದೆ, ನಿಂತಲ್ಲೇ ಪೂರ್ತಿ ತಿರುಗಿಸುವಾಗ 40ರಿಂದ 60 ಆಂಪಿಯರ್‌ವರೆಗೂ ಹೋಗಬಹುದು. ಬ್ಯಾಟರಿಯಿಂದ ನೇರವಾಗಿ ದಪ್ಪ ವೈರು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್, ಬಣ್ಣ ಕೆರೆದು ಲೋಹಕ್ಕೇ ಕೂರಿಸಿದ ಅರ್ಥ್. ಐಡಲ್‌ನಲ್ಲಿ ಹಳೆಯ ಆಲ್ಟರ್ನೇಟರ್ ತನ್ನ ಹೆಸರಿಗಿರುವ ಆಂಪಿಯರ್ ಕೊಡುವುದಿಲ್ಲವಾದ್ದರಿಂದ ಬ್ಯಾಟರಿ ಒಳ್ಳೆಯ ಸ್ಥಿತಿಯಲ್ಲಿರಲಿ. ಎಚ್ಚರಿಕೆಯ ದೀಪದ ವೈರನ್ನು ಬಹಳ ಜನ ಬೇಡವೆಂದು ಬಿಡುತ್ತಾರೆ. ದಯವಿಟ್ಟು ಜೋಡಿಸಿ.

ಕೂರಿಸಿದ ಮೇಲೆ ಮೊದಲ ಪರೀಕ್ಷೆ ಚಕ್ರಗಳು ಗಾಳಿಯಲ್ಲಿರುವಾಗ. ಎಂಜಿನ್ ಚಾಲೂ ಮಾಡಿ, ಸ್ಟೀರಿಂಗಿನಿಂದ ಕೈ ತೆಗೆದು ನೋಡುತ್ತಿರಿ. ಅದು ತಾನಾಗಿಯೇ ಒಂದು ಕಡೆಗೆ ಹೊರಳತೊಡಗಿದರೆ ತಿರುಚು ಸೆನ್ಸರಿನ ಶೂನ್ಯಬಿಂದು ತಪ್ಪಿದೆ. ಆ ಸ್ಥಿತಿಯಲ್ಲಿ ಕಾರನ್ನು ಒಂದಡಿಯೂ ಓಡಿಸಬಾರದು. ಎರಡನೆಯದು ಬಯಲಿನಲ್ಲಿ, ನಡಿಗೆಯ ವೇಗಕ್ಕಿಂತ ತುಸು ಹೆಚ್ಚಿನಲ್ಲಿ, ಫ್ಯೂಸ್ ಕಿತ್ತು. ಯುರೋಪಿನ ನಿಯಮಾವಳಿ ಪ್ರಯಾಣಿಕ ಕಾರಿನ ಸ್ಟೀರಿಂಗಿಗೆ ಬೇಕಾಗುವ ಕೈಬಲ ನೆರವಿದ್ದಾಗ 150 ನ್ಯೂಟನ್, ಅಂದರೆ ಸುಮಾರು 15 ಕೆಜಿ, ನೆರವು ಕೆಟ್ಟಾಗ 300 ನ್ಯೂಟನ್ ಮೀರಬಾರದೆನ್ನುತ್ತದೆ. ಅದು ಆರೋಗ್ಯವಂತರ ಭುಜಕ್ಕೆ. ನಿಮ್ಮ ಮಿತಿಯನ್ನು ನಿಮ್ಮ ವೈದ್ಯರನ್ನು ಕೇಳಿ, ಅದೇ ಸ್ಪ್ರಿಂಗ್ ತಕ್ಕಡಿಯಿಂದ ಅಳೆದು ನಿಶ್ಚಯಿಸಿ. ಮೋಟಾರಿನ ಗೇರುಗಳ ಘರ್ಷಣೆಯಿಂದ ಸ್ಟೀರಿಂಗ್ ನೇರಕ್ಕೆ ಮರಳುವ ಗುಣ ಸ್ವಲ್ಪ ಮಂಕಾಗುತ್ತದೆ. ಆಗ ಕಾಸ್ಟರ್ ಅನ್ನು ಐದಾರು ಡಿಗ್ರಿಗೆ ಏರಿಸಿಕೊಳ್ಳಬಹುದು. ಕೈಬಲಕ್ಕೆ ಹೇಳಿದ ಸಲಹೆಗೆ ಇದು ವಿರುದ್ಧವಾಗಿ ಕಂಡರೂ ಕಾರಣ ಬೇರೆ.

ಕಾನೂನಿನ ಮಾತನ್ನು ನೀವು ಕೇಳಿಲ್ಲ, ನಾನು ಬಿಡುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ತಯಾರಕರು ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಮನೆಯಲ್ಲಿ ಕಟ್ಟಿದ ಕಾರಿಗೆ ಮೂಲ ತಯಾರಕರೇ ಇರುವುದಿಲ್ಲ, ಮಾದರಿ ಅನುಮೋದನೆಯೂ ಇರುವುದಿಲ್ಲ. ಅಂಥ ಅನುಮೋದನೆಯ ಪರೀಕ್ಷೆ ನಡೆಸುವ ಎಆರ್‌ಎಐ ಸಂಸ್ಥೆ ನಿಮ್ಮ ಊರಿನ ಗುಡ್ಡದ ಮೇಲೆಯೇ ಇದ್ದರೂ, ಆ ವ್ಯವಸ್ಥೆ ವಾಹನ ತಯಾರಿಸಿ ಮಾರುವ ಕಂಪನಿಗಳಿಗಾಗಿ ಇರುವುದು. ಹೀಗಾಗಿ ಈ ಕಾರು ಖಾಸಗಿ ಜಾಗದಲ್ಲಿ, ಇಲ್ಲವೇ ಟ್ರೇಲರ್ ಮೇಲೆ ಸಾಗಿಸಿ ರೇಸ್ ಟ್ರ್ಯಾಕಿನಲ್ಲಿ ಓಡಬೇಕಾದದ್ದು. ಆದರೂ ಕೇಂದ್ರ ಮೋಟಾರು ವಾಹನ ನಿಯಮಗಳ 98ನೆಯ ನಿಯಮವನ್ನು ನಿಮ್ಮ ಕಾರಿಗೆ ನೀವೇ ಅನ್ವಯಿಸಿಕೊಳ್ಳುವುದು ಒಳ್ಳೆಯದು: ಸ್ಟೀರಿಂಗ್ ಚಕ್ರದ ಸಡಿಲ 30 ಡಿಗ್ರಿ ಮೀರಬಾರದು, ಬಾಲ್ ಜಾಯಿಂಟ್‌ಗಳಿಗೆ ರಬ್ಬರ್ ಟೋಪಿ ಇರಬೇಕು, ಬೋಲ್ಟ್‌ಗಳು ಸಡಿಲವಾಗದಂತೆ ಲಾಕ್ ಆಗಿರಬೇಕು. 30 ಡಿಗ್ರಿ ಎಂಬುದು ಲಾರಿಗಳನ್ನೂ ಒಳಗೊಂಡ ಔದಾರ್ಯ. ನಿಮ್ಮ ಕಾರಿನಲ್ಲಿ ಐದು ಡಿಗ್ರಿ ಕಂಡರೂ ಬಿಚ್ಚಿ ನೋಡಿ.

ಪ್ರಶ್ನೆ: ನಮ್ಮ ಹಗುರ ಕಾರಿಗೆ ಬೈಕಿನ ಎಂಜಿನ್ ಹಾಕುತ್ತಿದ್ದೇವೆ. ಕುರ್ಲಾದಲ್ಲಿ ಹಳೆಯ ಸೆಡಾನಿನ ಹೈಡ್ರಾಲಿಕ್ ರ‍್ಯಾಕ್ ಮತ್ತು ಪಂಪ್ ಎರಡೂ ಅಗ್ಗಕ್ಕೆ ಸಿಗುತ್ತಿವೆ. ತೆಗೆದುಕೊಳ್ಳಬಹುದೇ?
ಓದುಗರು, ಮುಲುಂಡ್, ಮುಂಬೈ

ಉತ್ತರ: ಬೇಡ. ಬೈಕಿನ ಎಂಜಿನ್ನಿಗೆ ಪಂಪ್ ತಿರುಗಿಸಲು ಬೆಲ್ಟ್ ಹಾಕುವ ಪುಲ್ಲಿಯೇ ಇರುವುದಿಲ್ಲ. ಹೇಗೋ ಮಾಡಿ ಜೋಡಿಸಿದರೂ ಸೆಡಾನಿನ ಎಂಜಿನ್ನಿನ ವೇಗಕ್ಕೆಂದು ರೂಪಿಸಿದ ಪಂಪು ಹತ್ತು ಸಾವಿರ ಸುತ್ತಿನ ಎಂಜಿನ್ನಿಗೆ ಸಿಕ್ಕರೆ ಬಾಳುವುದಿಲ್ಲ. ಪಂಪು, ಎಣ್ಣೆಯ ಡಬ್ಬಿ, ಅಧಿಕ ಒತ್ತಡದ ಹೋಸುಗಳು ಎಲ್ಲ ಸೇರಿ ಹೆಚ್ಚುವ ತೂಕ ಮುಂದಿನ ಚಕ್ರಗಳ ಮೇಲೆಯೇ ಬೀಳುತ್ತದೆ. ಬಿಸಿ ಎಕ್ಸಾಸ್ಟಿನ ಪಕ್ಕದಲ್ಲಿ ಎಣ್ಣೆಯ ಹೋಸು ಹಾಯುವುದೂ ನನಗೆ ಸರಿಬರುವುದಿಲ್ಲ. ಟೊಯೊಟಾದ ಎಂಆರ್‌2 ಸ್ಪೈಡರ್‌ನಲ್ಲಿ ಇದ್ದಂಥ, ವಿದ್ಯುತ್ ಮೋಟಾರಿನಿಂದ ನಡೆಯುವ ಪಂಪು ಇನ್ನೊಂದು ದಾರಿ, ಆದರೆ ಬೈಕಿನ ಎಂಜಿನ್ನಿನ ಜನರೇಟರು ಅದನ್ನು ತಾಳಿಕೊಳ್ಳಲಾರದು. ಬೈಕಿನ ಎಂಜಿನ್ ಇರುವ ಕಾರು 500 ಕೆಜಿಯ ಒಳಗೇ ಇರುತ್ತದೆ; ಕೈಬಲದ ರ‍್ಯಾಕ್ ಧಾರಾಳ ಸಾಕು. ಬರಿಯ ರ‍್ಯಾಕ್ ಕೊಂಡು ಎಣ್ಣೆಯಿಲ್ಲದೆ ಬಳಸುವ ಯೋಚನೆಯಿದ್ದರೆ ಅದರ ಪಿಸ್ಟನ್ ಸೀಲ್ ತೆಗೆದು, ಎರಡೂ ಬಾಯಿಗಳನ್ನು ಒಂದು ಕೊಳವೆಯಿಂದ ಸೇರಿಸಿ, ಒಳಗೆ ಗ್ರೀಸ್ ತುಂಬಬೇಕಾಗುತ್ತದೆ. ಅದಾದ ಮೇಲೂ ದಂಡವನ್ನು ಸರಿಸುವ ಪುಟ್ಟ ಹಲ್ಲುಚಕ್ರ, ಅಂದರೆ ಪಿನಿಯನ್‌ನೊಳಗಿನ ತಿರುಚು ಸರಳಿನಿಂದಾಗಿ ನಡುವಿನಲ್ಲಿ ಒಂದು ಬಗೆಯ ರಬ್ಬರಿನಂಥ ಸಡಿಲ ಉಳಿಯುತ್ತದೆ.

ಪ್ರಶ್ನೆ: ನಾನೂ ನನ್ನ ಅಣ್ಣನೂ ಸೇರಿ ಇಂಥದ್ದೇ ಕಾರು ಕಟ್ಟುತ್ತಿದ್ದೇವೆ. ನನ್ನ ಎತ್ತರ ಐದಡಿ. "ನಿನಗೆ ಪವರ್ ಸ್ಟೀರಿಂಗ್ ಇಲ್ಲದೆ ಆಗುವುದಿಲ್ಲ" ಎನ್ನುತ್ತಾನೆ. ನಿಜವೇ?
ಓದುಗರು, ಡೊಂಬಿವಲಿ

ಉತ್ತರ: ನಿಮ್ಮ ಅಣ್ಣನವರ ಎತ್ತರಕ್ಕೆ ಆಸನವನ್ನು ಬಿಗಿದಿದ್ದರೆ ನಿಜವಾಗಿಬಿಡಬಹುದು! ತೋಳು ನೀಳವಾಗಿ ಚಾಚಿ ಹಿಡಿದಾಗ ಭುಜದ ಬಲ ಸ್ಟೀರಿಂಗಿಗೆ ತಲುಪುವುದಿಲ್ಲ. ಬೆನ್ನು ಆಸನಕ್ಕೆ ಒರಗಿರುವಾಗ ನಿಮ್ಮ ಮಣಿಕಟ್ಟು ಸ್ಟೀರಿಂಗ್ ಚಕ್ರದ ಮೇಲಂಚನ್ನು ಮುಟ್ಟಬೇಕು. ಆಗ ಹಿಡಿದಾಗ ಮೊಣಕೈ ತಕ್ಕಷ್ಟು ಮಡಚಿರುತ್ತದೆ. ಸೆವೆನ್ ಮಾದರಿಗಳಲ್ಲಿ ಆಸನವನ್ನು ಹಲವರು ಸ್ಥಿರವಾಗಿ ಬಿಗಿಯುವುದರಿಂದ, ಇಬ್ಬರೂ ಓಡಿಸುವುದಾದರೆ ಸರಿಯುವ ರೈಲು ಹಾಕಿಸಿ, ಪೆಡಲುಗಳಿಗೂ ಹೊಂದಾಣಿಕೆ ಇರಲಿ. ಸ್ಟೀರಿಂಗ್ ಚಕ್ರ 330ರಿಂದ 350 ಮಿಲಿಮೀಟರಿನದಾಗಿರಲಿ. ತೊಡೆಗೆ ತಗಲುತ್ತದೆ ಎಂದಾದರೆ ಕೆಳಭಾಗ ಚಪ್ಪಟೆಯಾಗಿರುವುದು ಸಿಗುತ್ತದೆ. ಚಾಲನೆ ಇಲ್ಲದೆ ನಿಂತಲ್ಲೇ ತಿರುಗಿಸುವ ಅಭ್ಯಾಸವನ್ನು ಇಬ್ಬರೂ ಬಿಡಿ. ಕಾರು ತೆವಳುವಷ್ಟು ಚಲಿಸುತ್ತಿದ್ದರೂ ಭಾರ ಬಹಳ ಇಳಿಯುತ್ತದೆ.

ಪ್ರಶ್ನೆ: ಕಿಟ್ ಕಾರಿಗೆ ಎಲೆಕ್ಟ್ರಿಕ್ ಕಾಲಂ ಹಾಕಿ ಎರಡು ಬೇಸಿಗೆ ಚೆನ್ನಾಗಿತ್ತು. ಮಳೆಗಾಲದಲ್ಲಿ ಟಾರ್ಪಾಲಿನ್ ಹೊದಿಸಿಟ್ಟು ತೆಗೆದಾಗ ಸ್ಟೀರಿಂಗ್ ಒಮ್ಮೆ ಹಗುರ, ಒಮ್ಮೆ ಭಾರ. ಮೋಟಾರು ಹೋಗಿದೆಯೇ?
ಓದುಗರು, ವಾಸ್ಕೊ, ಗೋವಾ

ಉತ್ತರ: ಮೋಟಾರಿಗೆ ಹೋಗುವ ಮೊದಲು ಕನೆಕ್ಟರುಗಳನ್ನು ಬಿಚ್ಚಿ ನೋಡಿ. ಈ ಕಾಲಂಗಳನ್ನು ಮುಚ್ಚಿದ ಕಾರಿನ ಒಳಗಡೆಗೆಂದು ಮಾಡಿರುತ್ತಾರೆ, ನೀರು ಬೀಳುವ ತೆರೆದ ಕಾರಿಗೆಂದಲ್ಲ. ಕಡಲ ತೀರದ ಉಪ್ಪುಗಾಳಿಯಲ್ಲಿ ಟಾರ್ಪಾಲಿನ್ ಒಳಗಿನ ಹಬೆ ಸೇರಿಕೊಂಡರೆ ಪಿನ್ನುಗಳ ಮೇಲೆ ಹಸಿರು ಕಿಲುಬು ಕಟ್ಟುತ್ತದೆ. ತಿರುಚು ಸೆನ್ಸರಿನ ಕನೆಕ್ಟರನ್ನು ಮೊದಲು ಶುಚಿಗೊಳಿಸಿ, ಒಣಗಿಸಿ, ತೇವ ತಡೆಯುವ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿ; ನಂತರ ಅರ್ಥ್ ಬೋಲ್ಟ್. ಭಾರ ಪ್ರತಿ ಸುತ್ತಿನಲ್ಲೂ ಎರಡು ಬಾರಿ, ಅವೇ ಜಾಗಗಳಲ್ಲಿ ಬರುತ್ತಿದ್ದರೆ ವಿದ್ಯುತ್ತಿನ ದೋಷವಲ್ಲ, ಕೆಳಗಿನ ಯೂನಿವರ್ಸಲ್ ಜಾಯಿಂಟಿನ ಸೂಜಿ ಬೇರಿಂಗ್ ತುಕ್ಕು ಹಿಡಿದಿದೆ. ಎಣ್ಣೆ ಸಿಂಪಡಿಸಿ ಸಡಿಲ ಮಾಡಿದರೆ ನಾಲ್ಕು ದಿನ ಸರಿಹೋದಂತೆ ಕಾಣುತ್ತದೆ, ಜಾಯಿಂಟನ್ನೇ ಬದಲಿಸಿ. ಮುಂದಿನ ಮಳೆಗಾಲಕ್ಕೆ ಟಾರ್ಪಾಲಿನ್ ಬದಲು ಗಾಳಿಯಾಡುವ ಬಟ್ಟೆಯ ಹೊದಿಕೆ ಹಾಕಿ ಸೂರಿನಡಿ ನಿಲ್ಲಿಸಿ, ಬ್ಯಾಟರಿಯ ಅರ್ಥ್ ತಂತಿಯನ್ನು ಬಿಡಿಸಿಡಿ.